ಅಪವರ್ತಿಸಲು ಬಾರದು: ಮುಂದೇನು?

ಎಂಟನೆಯ ತರಗತಿಯ ಹುಡುಗಿಯೊಬ್ಬಳು ಸಂಜೆ ಹೋಂವರ್ಕಿಗೆ ಕುಳಿತಿದ್ದಳು. ಯ² − ಕ² ಎಂಬುದನ್ನು ಅಪವರ್ತಿಸಿ ಎಂಬ ಲೆಕ್ಕ. (ಯ + ಕ)(ಯ − ಕ) ಎಂದು ಒಂದೇ ಉಸಿರಿಗೆ ಬರೆದಳು. ಮುಂದಿನದು ಯ² + ಕ². ಎಷ್ಟು ಹೊತ್ತು ಪೆನ್ಸಿಲ್ ಕಚ್ಚಿದರೂ ಹೊಳೆಯಲಿಲ್ಲ. ಪುಸ್ತಕದ ಕೊನೆಯ ಉತ್ತರಗಳ ಪುಟ ತಿರುವಿದರೆ ಅಲ್ಲಿ ಎರಡೇ ಪದ: ‘ಅಪವರ್ತಿಸಲು ಬಾರದು’.

“ಅಣ್ಣಾ, ಬಾರದು ಅಂದರೆ ಯಾರಿಗೂ ಬಾರದೋ, ನಮಗೆ ಮಾತ್ರ ಬಾರದೋ?”

ದ್ವಿತೀಯ ಪಿ.ಯು.ಸಿ. ಓದುತ್ತಿದ್ದ ಅಣ್ಣ ತಲೆ ಎತ್ತಲಿಲ್ಲ. “ಅಷ್ಟೇ ಬರಿ. ಪೂರ್ತಿ ಮಾರ್ಕ್ಸ್ ಕೊಡ್ತಾರೆ.”

ಮಾರ್ಕ್ಸ್ ಬರುತ್ತದೆ, ನಿಜ. ಆದರೆ ತಂಗಿಯ ಪ್ರಶ್ನೆ ಹಾಗೆಯೇ ಉಳಿಯಿತು. ಈ ಪ್ರಶ್ನೆಯನ್ನು ಬಿಡದೆ ಹಿಂಬಾಲಿಸಿದವರು ಎಲ್ಲಿಯವರೆಗೆ ಹೋಗಿದ್ದಾರೆ ಎಂಬುದೇ ಈ ವಾರದ ವಿಷಯ. ದಾರಿ ಸ್ವಲ್ಪ ಏರುಮುಖವಾಗಿದೆ. ಕಾಗದ, ಪೆನ್ಸಿಲ್ ಜೊತೆಗಿದ್ದರೆ ಒಳ್ಳೆಯದು.

ಮೊದಲಿಗೆ ಅಕ್ಷರಗಳ ಬಗ್ಗೆ ಒಂದು ಮಾತು. ಪಠ್ಯಪುಸ್ತಕದ ಎಕ್ಸ್, ವೈ, ಜೆಡ್‌ಗಳ ಬದಲು ಇಲ್ಲಿ ಯ, ಕ, ನ ಎಂದು ಬರೆದಿದೆ. ಇದು ಹೊಸ ಹಟವೇನಲ್ಲ. ಭಾಸ್ಕರಾಚಾರ್ಯನ ಬೀಜಗಣಿತದಲ್ಲಿ ಮೊದಲ ಅವ್ಯಕ್ತಕ್ಕೆ ‘ಯಾವತ್ತಾವತ್’ ಎಂದೂ ಮುಂದಿನವುಗಳಿಗೆ ಕಾಲಕ, ನೀಲಕ, ಪೀತಕ ಎಂದು ಬಣ್ಣಗಳ ಹೆಸರನ್ನೂ ಇಟ್ಟು, ಮೊದಲಕ್ಷರಗಳಾದ ಯಾ, ಕಾ, ನೀ, ಪೀ ಬಳಸುವ ರೂಢಿಯಿತ್ತು.

ಈಗ ‘ಬಾರದು’ ಏಕೆ ಎಂದು ನೋಡೋಣ. ಯ² + ಕ² ಎಂಬುದು ಎರಡು ಮೊದಲನೆಯ ಘಾತದ ಅಪವರ್ತನಗಳಾಗಿ ಒಡೆಯುತ್ತದೆ ಎಂದಿಟ್ಟುಕೊಳ್ಳಿ. ಅಂಥ ಒಂದು ಅಪವರ್ತನ ಸೊನ್ನೆಯಾಗುವ ಬಿಂದುಗಳನ್ನು ಗ್ರಾಫ್ ಹಾಳೆಯಲ್ಲಿ ಗುರುತಿಸಿದರೆ ಒಂದು ಇಡೀ ಸರಳರೇಖೆಯೇ ಬರಬೇಕು. ಆದರೆ ಎರಡು ವರ್ಗಗಳ ಮೊತ್ತ ಸೊನ್ನೆಯಾಗುವುದು ಯ, ಕ ಎರಡೂ ಸೊನ್ನೆಯಾದಾಗ ಮಾತ್ರ, ಅಂದರೆ ಒಂದೇ ಒಂದು ಬಿಂದುವಿನಲ್ಲಿ. ಸರಳರೇಖೆಗೆ ಜಾಗವೇ ಇಲ್ಲ. ಆದ್ದರಿಂದ ಪುಸ್ತಕ ಹೇಳಿದ್ದು ಸರಿ, ಆದರೆ ಅದು ಹೇಳದೆ ಬಿಟ್ಟ ಷರತ್ತೊಂದಿದೆ. ಅಪವರ್ತನಗಳೊಳಗೆ ವಾಸ್ತವ ಸಂಖ್ಯೆಗಳು ಮಾತ್ರ ಇರಬೇಕು ಎಂಬುದೇ ಆ ಷರತ್ತು. ಅದನ್ನು ಸಡಿಲಿಸಿದರೆ?

ಅಣ್ಣನ ಪುಸ್ತಕದಲ್ಲಿ ಸಡಿಲಿಸುವ ಸಾಧನ ಇದ್ದೇ ಇದೆ. ಅದೇ ಮ್ಯಾಟ್ರಿಕ್ಸ್, ಪಠ್ಯದ ಭಾಷೆಯಲ್ಲಿ ಮಾತೃಕೆ. ಅಡ್ಡಸಾಲುಗಳನ್ನು ಒಂದಾದ ಮೇಲೊಂದರಂತೆ ಅರ್ಧವಿರಾಮ ಹಾಕಿ ಬರೆದರೆ,

ಅ = [ ಯ, −ಕ ; ಕ, ಯ ]
ಬ = [ ಯ, ಕ ; −ಕ, ಯ ]

ಇವೆರಡನ್ನು ಗುಣಿಸಿ. ಮೊದಲ ಸಾಲಿನ ಮೊದಲ ಮನೆಯಲ್ಲಿ ಯ·ಯ + (−ಕ)(−ಕ), ಅಂದರೆ ಯ² + ಕ². ಪಕ್ಕದ ಮನೆಯಲ್ಲಿ ಯ·ಕ − ಕ·ಯ, ಅಂದರೆ ಸೊನ್ನೆ. ಕೆಳಸಾಲಿನಲ್ಲಿ ಮೊದಲು ಸೊನ್ನೆ, ಆಮೇಲೆ ಮತ್ತೆ ಯ² + ಕ². ಕರ್ಣದ ಉದ್ದಕ್ಕೂ ನಮಗೆ ಬೇಕಾದ ಬಹುಪದೋಕ್ತಿ, ಉಳಿದೆಡೆ ಸೊನ್ನೆ. ಒಂಟಿ ಅಕ್ಷರಗಳ ಲೋಕದಲ್ಲಿ ಒಡೆಯದ ಯ² + ಕ² ಮ್ಯಾಟ್ರಿಕ್ಸ್‌ಗಳ ಲೋಕದಲ್ಲಿ ಎರಡಾಗಿ ಒಡೆಯಿತು. ಇದಕ್ಕೆ ಗಣಿತಜ್ಞರು ಮ್ಯಾಟ್ರಿಕ್ಸ್ ಅಪವರ್ತನ ಎನ್ನುತ್ತಾರೆ. ನಿಯಮ ಇಷ್ಟೇ: ಅ × ಬ ಮತ್ತು ಬ × ಅ ಎರಡೂ ಕೊಟ್ಟ ಬಹುಪದೋಕ್ತಿಯನ್ನು ಏಕಮಾನ ಮ್ಯಾಟ್ರಿಕ್ಸಿನಿಂದ ಗುಣಿಸಿದಷ್ಟೇ ಆಗಬೇಕು.

ಅಣ್ಣನಿಗೆ ಇದು ಹೊಸದಾಗಿ ಕಾಣಬಹುದು. ಆದರೆ ಅವನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ ಸೂತ್ರವೊಂದು ಇದೇ ಆಗಿದೆ. ಒಂದು ಮ್ಯಾಟ್ರಿಕ್ಸನ್ನು ಅದರ ಅಡ್ಜಾಯಿಂಟಿನಿಂದ ಗುಣಿಸಿದರೆ ನಿರ್ಧಾರಕದಷ್ಟು ಏಕಮಾನ ಮ್ಯಾಟ್ರಿಕ್ಸ್ ಬರುತ್ತದೆ ಎಂದು ಪಿ.ಯು. ವಿದ್ಯಾರ್ಥಿಗಳೆಲ್ಲ ಕಲಿಯುತ್ತಾರೆ. ವಿಲೋಮ ಕಂಡುಹಿಡಿಯುವ ಲೆಕ್ಕಕ್ಕೆ ಅದನ್ನು ಬಳಸಿ ಮರೆಯುತ್ತಾರೆ. ಅದನ್ನೇ ತಿರುಗಿಸಿ ಓದಿದರೆ, ಯಾವುದೇ ನಿರ್ಧಾರಕವೂ ಮ್ಯಾಟ್ರಿಕ್ಸ್ ಅಪವರ್ತನಕ್ಕೆ ಒಳಪಡುತ್ತದೆ ಎಂದಾಯಿತು. ಮೇಲಿನ ಬ ಎಂಬುದು ಅ ಎಂಬುದರ ಅಡ್ಜಾಯಿಂಟೇ.

ಹಳೆಯ ರೇಖಾಗಣಿತದಲ್ಲೂ ಇದರ ಬೇರು ಕಾಣಸಿಗುತ್ತದೆ. ನಾಲ್ಕು ಚರಾಕ್ಷರಗಳ ಮೂರನೆಯ ಘಾತದ ಸಮೀಕರಣ ಒಂದು ಘನಮೇಲ್ಮೈಯನ್ನು ಕೊಡುತ್ತದೆ. ಮುರುಕಿಲ್ಲದ ಅಂಥ ಮೇಲ್ಮೈಯ ಮೇಲೆ ಸರಿಯಾಗಿ 27 ಸರಳರೇಖೆಗಳಿರುತ್ತವೆ ಎಂದು ಕೇಲಿ ಮತ್ತು ಸಾಲ್ಮನ್ 1849ರಲ್ಲಿ ತೋರಿಸಿದರು. ಆ ಸಮೀಕರಣವನ್ನು ಮೂರು ಸಾಲು ಮೂರು ಕಂಬದ ನಿರ್ಧಾರಕವಾಗಿ ಬರೆಯಲು ನಿಜಕ್ಕೂ ಬೇರೆ ಬೇರೆಯಾದ 72 ವಿಧಾನಗಳಿವೆ. ಪ್ರತಿಯೊಂದು ವಿಧಾನವೂ ಆ 27 ರೇಖೆಗಳಲ್ಲಿ ಒಂದನ್ನೊಂದು ಮುಟ್ಟದ ಆರನ್ನು ಆರಿಸುವ ಒಂದೊಂದು ಬಗೆಗೆ ಹೊಂದುತ್ತದೆ. ಹಾಳೆಯ ಮೇಲಿನ ಮ್ಯಾಟ್ರಿಕ್ಸ್‌ಗಳನ್ನು ಎಣಿಸಿದರೆ ಮೇಲ್ಮೈಯ ಮೇಲಿನ ರೇಖೆಗಳ ಗುಂಪುಗಳನ್ನು ಎಣಿಸಿದಂತೆಯೇ.

ಮೂರು ವರ್ಗಗಳ ಕಥೆ ಬೇರೆ. ಐರ್ಲೆಂಡಿನ ವಿಲಿಯಂ ರೋವನ್ ಹ್ಯಾಮಿಲ್ಟನ್ ಜೋಡಿ ಸಂಖ್ಯೆಗಳನ್ನು ಗುಣಿಸುವಂತೆ ಮೂರು ಮೂರು ಸಂಖ್ಯೆಗಳ ಕಟ್ಟುಗಳನ್ನು ಗುಣಿಸಲು ವರ್ಷಗಟ್ಟಲೆ ಹೆಣಗಿದ. 1843ರ ಅಕ್ಟೋಬರ್ ಮೊದಲ ದಿನಗಳಲ್ಲಿ ಬೆಳಗಿನ ತಿಂಡಿಗೆ ಇಳಿದು ಬಂದರೆ ಸಾಕು, ಮೂರರ ಗುಣಾಕಾರ ಬಂತೇ ಎಂದು ಮಕ್ಕಳು ಕೇಳುತ್ತಿದ್ದರಂತೆ. ಕೂಡುವುದು, ಕಳೆಯುವುದು ಮಾತ್ರ ಬರುತ್ತದೆ ಎಂದು ತಂದೆ ತಲೆ ಅಲ್ಲಾಡಿಸುತ್ತಿದ್ದ. (ಮಕ್ಕಳ ಹೋಂವರ್ಕನ್ನು ತಂದೆ ವಿಚಾರಿಸುವುದು ಎಲ್ಲೆಡೆ ಉಂಟು. ತಂದೆಯ ಹೋಂವರ್ಕನ್ನು ಮಕ್ಕಳು ವಿಚಾರಿಸಿದ ಮನೆ ಅಪರೂಪ.) ಅದೇ ತಿಂಗಳ 16ರಂದು ಹೆಂಡತಿಯೊಡನೆ ಡಬ್ಲಿನ್ನಿನ ರಾಯಲ್ ಕಾಲುವೆಯ ದಂಡೆಯಲ್ಲಿ ನಡೆಯುತ್ತಿದ್ದಾಗ ಅವನಿಗೆ ಥಟ್ಟನೆ ಹೊಳೆಯಿತು. ಮೂರಕ್ಕೆ ಆಗುವುದಿಲ್ಲ, ನಾಲ್ಕು ಬೇಕು. ಜೊತೆಗೆ ಗುಣಿಸುವ ಕ್ರಮ ಬದಲಾದರೆ ಉತ್ತರವೂ ಬದಲಾಗಬಹುದು ಎಂದು ಒಪ್ಪಬೇಕು. ಅಲ್ಲಿಯ ಬ್ರೂಮ್ ಸೇತುವೆಯ ಕಲ್ಲಿನ ಮೇಲೆ ಚಾಕುವಿನಿಂದ ಸೂತ್ರ ಕೆತ್ತಿದ. ಅವೇ ಕ್ವಾಟರ್ನಿಯನ್‌ಗಳು.

ಮೂರಕ್ಕೆ ಏಕೆ ಆಗುವುದಿಲ್ಲ ಎಂಬುದಕ್ಕೆ ಸಣ್ಣ ಸಂಖ್ಯೆಗಳಲ್ಲೇ ಸುಳಿವಿದೆ. ಎರಡು ವರ್ಗಗಳ ಮೊತ್ತವನ್ನು ಇನ್ನೊಂದು ಅಂಥದೇ ಮೊತ್ತದಿಂದ ಗುಣಿಸಿದರೆ ಮತ್ತೆ ಎರಡು ವರ್ಗಗಳ ಮೊತ್ತವೇ ಬರುತ್ತದೆ: 5 × 13 = 65 = 64 + 1. ಬ್ರಹ್ಮಗುಪ್ತನ 628ರ ಗ್ರಂಥದಲ್ಲೇ ಇದರ ಸೂತ್ರವಿದೆ. ಮೂರು ವರ್ಗಗಳಿಗೆ ಈ ಭಾಗ್ಯವಿಲ್ಲ. 3 = 1 + 1 + 1, 21 = 16 + 4 + 1. ಆದರೆ ಗುಣಲಬ್ಧ 63ನ್ನು ಮೂರು ವರ್ಗಗಳಾಗಿ ಬಿಡಿಸಲು ಯಾರು ಪ್ರಯತ್ನಿಸಿದರೂ ಸೋಲುತ್ತಾರೆ.

ಇಷ್ಟು ಹೊತ್ತಿಗೆ ಮಗಳ ಪಕ್ಕದಲ್ಲಿ ಪೇಪರ್ ಓದುತ್ತಿದ್ದ ಅಪ್ಪ ಕೇಳಿಯೇ ಕೇಳುತ್ತಾರೆ: “ಇದೆಲ್ಲ ಸಿಇಟಿಗೆ ಬರುತ್ತದೆಯೇ? ಇದರಿಂದ ಏನು ಪ್ರಯೋಜನ?”

ಸಿಇಟಿಗೆ ಬರುವುದಿಲ್ಲ. ಪ್ರಯೋಜನದ ಬಗ್ಗೆ ಹೇಳುವುದಾದರೆ, 1928ರಲ್ಲಿ 25 ವರ್ಷದ ಪಾಲ್ ಡಿರಾಕ್ ಎಲೆಕ್ಟ್ರಾನಿಗೆ ಒಪ್ಪುವ ಸಮೀಕರಣ ಹುಡುಕುತ್ತಿದ್ದ. ಸಾಪೇಕ್ಷತಾ ಸಿದ್ಧಾಂತ ಕೊಡುವುದು ಶಕ್ತಿಯ ವರ್ಗವನ್ನು. ಅದು ಮೂರು ದಿಕ್ಕಿನ ಸಂವೇಗ ಮತ್ತು ದ್ರವ್ಯರಾಶಿ ಎಂಬ ನಾಲ್ಕರ ವರ್ಗಗಳ ಮೊತ್ತ. ಅವನಿಗೆ ಬೇಕಾಗಿದ್ದುದು ವರ್ಗವಲ್ಲ, ವರ್ಗಮೂಲ. ಸಾಧಾರಣ ಬೀಜಗಣಿತದಲ್ಲಿ ನಾಲ್ಕು ವರ್ಗಗಳ ಮೊತ್ತಕ್ಕೆ ಬಹುಪದೋಕ್ತಿಯ ರೂಪದ ವರ್ಗಮೂಲವಿಲ್ಲ. ಡಿರಾಕ್ ನಾಲ್ಕು ಸಾಲು ನಾಲ್ಕು ಕಂಬದ ಮ್ಯಾಟ್ರಿಕ್ಸ್‌ಗಳನ್ನು ತಂದು ವರ್ಗಮೂಲ ತೆಗೆದೇಬಿಟ್ಟ. ಸಮೀಕರಣದಲ್ಲಿ ಯಾರೂ ಕರೆಯದ ಅತಿಥಿಯೊಂದು ಬಂದು ಕುಳಿತಿತ್ತು: ಎಲೆಕ್ಟ್ರಾನಿನಷ್ಟೇ ತೂಕ, ವಿರುದ್ಧ ವಿದ್ಯುದಂಶ. 1932ರಲ್ಲಿ ಕಾರ್ಲ್ ಆಂಡರ್ಸನ್ ವಿಶ್ವಕಿರಣಗಳ ಜಾಡಿನಲ್ಲಿ ಆ ಕಣವನ್ನು ಕಂಡ. ಅದೇ ಪಾಸಿಟ್ರಾನ್. ಈಗ ದೊಡ್ಡ ಆಸ್ಪತ್ರೆಗಳಲ್ಲಿ ಕ್ಯಾನ್ಸರ್ ರೋಗಿಗಳಿಗೆ ಬರೆದುಕೊಡುವ ಪೆಟ್ ಸ್ಕ್ಯಾನಿನ ಮೊದಲಕ್ಷರ ಈ ಪಾಸಿಟ್ರಾನಿನದೇ. ಮೈಯೊಳಗೆ ಸೇರಿಸಿದ ಔಷಧದಿಂದ ಹೊರಟ ಪಾಸಿಟ್ರಾನ್ ಪಕ್ಕದ ಎಲೆಕ್ಟ್ರಾನಿಗೆ ತಾಗಿ ಎರಡೂ ಇಲ್ಲವಾಗುತ್ತವೆ. ಎದುರುಬದುರು ಹಾರಿದ ಎರಡು ಗಾಮಾ ಕಿರಣಗಳು ಗಂಟು ಎಲ್ಲಿದೆಯೆಂದು ತೋರಿಸಿಕೊಡುತ್ತವೆ. ಅಪ್ಪ ಪೇಪರ್ ಮಡಿಸಿಟ್ಟರೆ ಆಶ್ಚರ್ಯವಿಲ್ಲ.

ವರ್ಗಗಳನ್ನು ಬಿಟ್ಟು ಯಾವ ಬಹುಪದೋಕ್ತಿಯನ್ನಾದರೂ ಹೀಗೆ ಒಡೆಯುವುದನ್ನು ಒಂದು ವ್ಯವಸ್ಥಿತ ವಿಷಯವಾಗಿ ಮುಂದಿಟ್ಟವರು ಅಮೆರಿಕದ ಡೇವಿಡ್ ಐಸೆನ್‌ಬಡ್, 1980ರಲ್ಲಿ. ಅವರು ಹೊರಟಿದ್ದು ಬೇರೆಯೇ ಪ್ರಶ್ನೆಯಿಂದ. ಕೆಲವು ಸಮೀಕರಣಗಳ ನಡುವೆ ಸಂಬಂಧಗಳಿರುತ್ತವೆ. ಆ ಸಂಬಂಧಗಳ ನಡುವೆ ಮತ್ತೆ ಸಂಬಂಧಗಳು, ಬೀಗರಿಗೆ ಬೀಗರು ಇದ್ದಂತೆ. ಈ ನಂಟಸ್ತನ ಎಲ್ಲಿಗೆ ಮುಗಿಯುತ್ತದೆ? ಕಟ್ಟುಪಾಡಿಲ್ಲದ ಚರಾಕ್ಷರಗಳು ಮೂರಿದ್ದರೆ ಮೂರು ಹೆಜ್ಜೆಯೊಳಗೆ ಮುಗಿಯುತ್ತದೆ, ಎಷ್ಟಿದ್ದರೆ ಅಷ್ಟರೊಳಗೆ ಎಂದು ಜರ್ಮನಿಯ ಹಿಲ್ಬರ್ಟ್ 1890ರಲ್ಲೇ ಸಾಧಿಸಿದ್ದರು. ಆದರೆ ಚರಾಕ್ಷರಗಳ ಮೇಲೆ ಒಂದು ಕಟ್ಟಳೆ ಹೇರಿದರೆ ಸರಪಳಿ ಮುಗಿಯದೇ ಹೋಗಬಹುದು.

ಅತಿ ಸರಳ ಉದಾಹರಣೆ: ಯ × ಕ = 0 ಎಂಬುದೇ ಕಟ್ಟಳೆ ಇರಲಿ. ಯ ಎಂಬುದನ್ನು ಯಾವುದರಿಂದ ಗುಣಿಸಿದರೆ ಸೊನ್ನೆ ಬರುತ್ತದೆ? ಕ ಇರುವ ಪದಗಳಿಂದ. ಕ ಎಂಬುದನ್ನು ಯಾವುದರಿಂದ ಗುಣಿಸಿದರೆ ಸೊನ್ನೆ? ಯ ಇರುವ ಪದಗಳಿಂದ. ಮತ್ತೆ ಯ ಎಂಬುದನ್ನು? ಕ. ಹೀಗೆ ಯ, ಕ, ಯ, ಕ ಎಂದು ಕೊನೆಯಿಲ್ಲದೆ ಸಾಗುತ್ತದೆ. ಒಂದೇ ಒರಳಿಗೆ ಇಬ್ಬರು ಹೆಂಗಸರು ಒನಕೆ ಹಾಕುವಾಗ ಒಬ್ಬರ ಪೆಟ್ಟು, ಇನ್ನೊಬ್ಬರ ಪೆಟ್ಟು ಬೀಳುವಂತೆ. ಒಂದೇ ಒಂದು ಸಮೀಕರಣದ ಕಟ್ಟಳೆಯಿದ್ದಲ್ಲೆಲ್ಲ ಈ ಸರಪಳಿ ಆರಂಭದ ಕೆಲವು ಹೆಜ್ಜೆಗಳ ನಂತರ ಒಂದೋ ನಿಲ್ಲುತ್ತದೆ, ಇಲ್ಲವೇ ಇಂಥ ಎರಡು ಪೆಟ್ಟಿನ ಲಯಕ್ಕೆ ಬೀಳುತ್ತದೆ ಎಂದು ಐಸೆನ್‌ಬಡ್ ತೋರಿಸಿದರು. ಆ ಎರಡು ಪೆಟ್ಟುಗಳೇ ಅ ಮತ್ತು ಬ ಎಂಬ ಮ್ಯಾಟ್ರಿಕ್ಸ್ ಜೋಡಿ.

ಇಲ್ಲಿಂದ ಮುಂದೆ ನಿಜವಾದ ಬೇಟೆ ಆರಂಭ. ಒಂದು ಬಹುಪದೋಕ್ತಿಗೆ ಮ್ಯಾಟ್ರಿಕ್ಸ್ ಅಪವರ್ತನಗಳು ಅಸಂಖ್ಯ. ಎರಡನ್ನು ಕರ್ಣದ ಉದ್ದಕ್ಕೆ ಪಕ್ಕಪಕ್ಕ ಜೋಡಿಸಿದರೆ ದೊಡ್ಡದೊಂದು ತಯಾರು. ಆದ್ದರಿಂದ ಕೇಳಬೇಕಾದ ಪ್ರಶ್ನೆ, ಇನ್ನು ಒಡೆಯಲಾಗದ ಇಟ್ಟಿಗೆಗಳು ಯಾವುವು? 12 ಎಂಬುದನ್ನು 2 × 2 × 3 ಎಂದು ಅವಿಭಾಜ್ಯಗಳಾಗಿ ಬಿಡಿಸುವ ಶಾಲೆಯ ಲೆಕ್ಕವೇ ಇದು, ಇನ್ನೊಂದು ಅಂತಸ್ತಿನಲ್ಲಿ.

ಯ⁵ ತೆಗೆದುಕೊಳ್ಳಿ. ಇದರ ಇಟ್ಟಿಗೆಗಳು ನಾಲ್ಕೇ: ಯ ಮತ್ತು ಯ⁴, ಯ² ಮತ್ತು ಯ³, ಯ³ ಮತ್ತು ಯ², ಯ⁴ ಮತ್ತು ಯ. (1 ಮತ್ತು ಯ⁵ ಎಂಬ ಜೋಡಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. 7 = 1 × 7 ಎಂದು ಬರೆದವನು ಅಪವರ್ತಿಸಿದ ಎಂದು ಯಾರೂ ಹೇಳುವುದಿಲ್ಲವಷ್ಟೆ.) ಯ⁵ ಎಂಬುದರ ಎಷ್ಟೇ ದೊಡ್ಡ ಮ್ಯಾಟ್ರಿಕ್ಸ್ ಅಪವರ್ತನ ತಂದರೂ ಸಾಲುಗಳನ್ನು ಕೂಡಿ ಕಳೆದು ಅಚ್ಚುಕಟ್ಟು ಮಾಡಿದರೆ ಈ ನಾಲ್ಕೇ ಮತ್ತೆ ಮತ್ತೆ ಕಾಣುತ್ತವೆ. ಘಾತ 5 ಇದ್ದಾಗ ಇಟ್ಟಿಗೆ 4, ಘಾತ 3 ಇದ್ದಾಗ 2, ಘಾತ 1 ಇದ್ದಾಗ ಸೊನ್ನೆ. ಈ ಕೊನೆಯ ಸೊನ್ನೆಯನ್ನು ನೆನಪಿಡಬೇಕು, ಮುಂದೆ ಬೇಕಾಗುತ್ತದೆ.

ಇಟ್ಟಿಗೆ ಒಡೆಯುತ್ತದೋ ಇಲ್ಲವೋ ಎಂಬುದು ಯಾವ ಸಂಖ್ಯೆಗಳಿಗೆ ಅನುಮತಿಯಿದೆ ಎಂಬುದನ್ನೂ ಅವಲಂಬಿಸಿದೆ. ಆರಂಭದಲ್ಲಿ ಕಂಡ ಯ² + ಕ² ಎಂಬುದರ ಎರಡು ಸಾಲಿನ ಮ್ಯಾಟ್ರಿಕ್ಸ್ ವಾಸ್ತವ ಸಂಖ್ಯೆಗಳಲ್ಲಿ ಒಡೆಯದ ಇಟ್ಟಿಗೆ. −1ರ ವರ್ಗಮೂಲಕ್ಕೆ ಪ್ರವೇಶ ಕೊಟ್ಟರೆ ಅದೇ ಮ್ಯಾಟ್ರಿಕ್ಸ್ ಎರಡು ಒಂಟಿ ಅಪವರ್ತನಗಳಾಗಿ ಬಿಚ್ಚಿಕೊಳ್ಳುತ್ತದೆ. ತಂಗಿಯ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ.

ಎಲ್ಲ ಬಹುಪದೋಕ್ತಿಗಳೂ ಯ⁵ ಎಂಬುದರಷ್ಟು ಸಾಧುವಲ್ಲ. ಹೆಚ್ಚಿನವುಗಳಿಗೆ ಇಟ್ಟಿಗೆಗಳು ಲೆಕ್ಕಕ್ಕೇ ಸಿಗದಷ್ಟು. ಹಾಗಾದರೆ ಎಣಿಸಿ ಮುಗಿಸಬಹುದಾದಷ್ಟು ಇಟ್ಟಿಗೆಗಳಿರುವುದು ಯಾವುದಕ್ಕೆ? 1987ರಲ್ಲಿ ಬುಖ್‌ವೈಟ್ಸ್, ಗ್ರಾಯೆಲ್, ಶ್ರೈಯರ್ ಎಂಬ ಮೂವರೂ ಕ್ನೋರರ್ ಎಂಬುವರೂ ಒಂದೇ ಪತ್ರಿಕೆಯ ಒಂದೇ ಸಂಪುಟದಲ್ಲಿ ಉತ್ತರ ಪ್ರಕಟಿಸಿದರು. ಸಂಕೀರ್ಣ ಸಂಖ್ಯೆಗಳ ಮೇಲೆ, ಒಂದು ಬಿಂದುವಿನ ಆಸುಪಾಸಿನಲ್ಲಿ ನೋಡಿದರೆ, ಅಂಥವು ಎ, ಡಿ ಎಂಬ ಎರಡು ಕೊನೆಯಿಲ್ಲದ ಸಾಲುಗಳು ಮತ್ತು ಇ-6, ಇ-7, ಇ-8 ಎಂಬ ಮೂರು ಬಿಡಿ ಸಮೀಕರಣಗಳು ಮಾತ್ರ. ಇ-8 ಎಂದರೆ ಯ³ + ಕ⁵ + ನ². ಅದಕ್ಕೆ ಸರಿಯಾಗಿ ಎಂಟು ಇಟ್ಟಿಗೆಗಳು.

ಈ ಪಟ್ಟಿ ಗಣಿತಜ್ಞರಿಗೆ ಹಳೆಯ ಪರಿಚಯದ್ದು. ಗ್ರೀಕರ ಕಾಲದಿಂದ ಗೊತ್ತಿರುವ ಐದು ಸಮಘನಾಕೃತಿಗಳನ್ನು ತಿರುಗಿಸುವ ರೀತಿಗಳನ್ನು ಫೆಲಿಕ್ಸ್ ಕ್ಲೈನ್ 1884ರ ಪುಸ್ತಕದಲ್ಲಿ ಅಧ್ಯಯನ ಮಾಡಿದಾಗ ಬಂದ ಸಮೀಕರಣಗಳೂ ಇವೇ. ನಾಲ್ಕು ಮುಖದ್ದಕ್ಕೆ ಇ-6. ಘನ ಮತ್ತು ಎಂಟು ಮುಖದ್ದಕ್ಕೆ ಇ-7. ಹನ್ನೆರಡು ಮತ್ತು ಇಪ್ಪತ್ತು ಮುಖದವಕ್ಕೆ ಇ-8. ಮ್ಯಾಟ್ರಿಕ್ಸನ್ನು ಅಪವರ್ತಿಸಲು ಹೊರಟವರು ಪಗಡೆಯ ದಾಳದ ಬಳಿ ಬಂದು ನಿಂತರು!

ಇಟ್ಟಿಗೆಗಳ ಪಟ್ಟಿಯಷ್ಟೇ ಸಾಲದು, ಅವುಗಳ ನಡುವಿನ ಓಡಾಟವೂ ಬೇಕು. ಒಂದು ಊರಿನ ಬಗ್ಗೆ ಮತದಾರರ ಪಟ್ಟಿ ಹೇಳುವುದು ಕಡಿಮೆ. ಯಾರು ಯಾರ ಮನೆಗೆ ಹೋಗಿ ಬರುತ್ತಾರೆ ಎಂದು ಗೊತ್ತಾದರೆ ಊರು ಅರ್ಥವಾಗುತ್ತದೆ. ವಸ್ತುಗಳು ಮತ್ತು ಅವುಗಳ ನಡುವಿನ ಬಾಣಗಳು ಎರಡನ್ನೂ ಸೇರಿಸಿ ಇಟ್ಟ ದಫ್ತರಕ್ಕೆ ಕೆಟಗರಿ ಎಂದು ಹೆಸರು. ಐಲೆನ್‌ಬರ್ಗ್ ಮತ್ತು ಮ್ಯಾಕ್‌ಲೇನ್ 1945ರಲ್ಲಿ ಈ ಕಲ್ಪನೆಯನ್ನು ಪ್ರಕಟಿಸಿದರು. ಒಂದು ಬಹುಪದೋಕ್ತಿಯ ಎಲ್ಲ ಮ್ಯಾಟ್ರಿಕ್ಸ್ ಅಪವರ್ತನಗಳೂ ಸೇರಿ ಒಂದು ಕೆಟಗರಿ. ಈಗ ಒಡೆಯಬೇಕಾಗಿರುವುದು ಬಹುಪದೋಕ್ತಿಯನ್ನಲ್ಲ, ಈ ಇಡೀ ದಫ್ತರವನ್ನು.

ಮಾಸ್ಕೋದ ದಿಮಿತ್ರಿ ಓರ್ಲೋವ್ 2004ರಲ್ಲಿ ಪ್ರಕಟಿಸಿದ ಫಲಿತಾಂಶ ಇಲ್ಲಿ ದೊಡ್ಡ ತಿರುವು. ಸಮೀಕರಣ ಬರೆಯುವ ರೇಖೆ ಅಥವಾ ಮೇಲ್ಮೈ ನುಣುಪಾಗಿರುವಲ್ಲಿ ಮ್ಯಾಟ್ರಿಕ್ಸ್ ಅಪವರ್ತನಗಳಿಗೆ ಹೇಳಲು ಏನೂ ಇರುವುದಿಲ್ಲ. ಅಂಥ ಬಿಂದುವಿನ ಹತ್ತಿರ ಸಮೀಕರಣ ಬರೀ ಯ = 0 ಎಂಬಂತೆಯೇ ವರ್ತಿಸುತ್ತದೆ, ಘಾತ 1ಕ್ಕೆ ಇಟ್ಟಿಗೆ ಸೊನ್ನೆ ಎಂದು ಆಗಲೇ ಕಂಡಿದ್ದೇವೆ. ಗಂಟು, ಮೂಲೆ, ಕವಲು ಇರುವ ವಿಶೇಷ ಬಿಂದುಗಳಲ್ಲಿ ಮಾತ್ರ ಅವು ಜೀವ ತಳೆಯುತ್ತವೆ. ಎರಡು ಪರವಲಯಗಳನ್ನು ಎದುರುಬದುರಾಗಿ ಬರೆದರೆ ಅವು ಎರಡು ಕಡೆ ಒಂದನ್ನೊಂದು ದಾಟುತ್ತವೆ. ಈ ಎರಡು ದಾಟುಗಳು ಒಂದಕ್ಕೊಂದು ದೂರ ಇರುವುದರಿಂದ ಕೆಟಗರಿಯೂ ಎರಡು ತುಂಡಾಗುತ್ತದೆ. ಒಂದರಿಂದ ಇನ್ನೊಂದಕ್ಕೆ ಒಂದು ಬಾಣವೂ ಇಲ್ಲ. ವೈದ್ಯರು ನೋವಿರುವ ಜಾಗವನ್ನಷ್ಟೇ ಒತ್ತಿ ನೋಡಿದಂತೆ ಈ ಮ್ಯಾಟ್ರಿಕ್ಸ್‌ಗಳು ಆಕೃತಿಯ ಕೆಟ್ಟ ಬಿಂದುಗಳನ್ನಷ್ಟೇ ಹುಡುಕಿ ಮುಟ್ಟುತ್ತವೆ.

ಇನ್ನೊಂದು ಬಗೆಯ ಒಡೆತವಿದೆ. ಅಲ್ಲಿ ತುಂಡುಗಳ ನಡುವೆ ಬಾಣಗಳಿರುತ್ತವೆ, ಆದರೆ ಒನ್‌ವೇ ರಸ್ತೆಯಂತೆ ಒಂದೇ ದಿಕ್ಕಿಗೆ. ಆಕೃತಿಗಳ ಮೇಲೆ ಬರೆಯುವ ಇನ್ನೊಂದು ದೊಡ್ಡ ಕೆಟಗರಿ ಹೀಗೆ ಒಡೆಯುವುದನ್ನು ಬೈಲಿನ್ಸನ್ 1978ರಲ್ಲಿ ಅತಿ ಸರಳ ಆಕೃತಿಗಳಿಗೆ ತೋರಿಸಿದ್ದರು. 2009ರಲ್ಲಿ ಓರ್ಲೋವ್ ಅದನ್ನೂ ಮ್ಯಾಟ್ರಿಕ್ಸ್ ಅಪವರ್ತನಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರು. ಸಮೀಕರಣದ ಎಲ್ಲ ಪದಗಳೂ ಒಂದೇ ಘಾತದವು, ಆಕೃತಿ ನುಣುಪಾದದ್ದು ಎಂದಿಟ್ಟುಕೊಳ್ಳಿ. ಚರಾಕ್ಷರಗಳ ಸಂಖ್ಯೆಯೂ ಘಾತವೂ ಸಮನಾದರೆ, ಉದಾಹರಣೆಗೆ ಯ³ + ಕ³ + ನ³, ತಕ್ಕಡಿ ಸಮ ನಿಲ್ಲುತ್ತದೆ, ಎರಡು ಕೆಟಗರಿಗಳೂ ಒಂದೇ. ಚರಾಕ್ಷರಗಳು ಹೆಚ್ಚಿದ್ದರೆ ಆಕೃತಿಯ ಕಡೆಗೆ ಹೆಚ್ಚಿದ್ದಷ್ಟೇ ಬಿಡಿ ತುಂಡುಗಳು ಹೆಚ್ಚುವರಿ. ಘಾತ ಹೆಚ್ಚಿದ್ದರೆ ಹೆಚ್ಚುವರಿ ತುಂಡುಗಳು ಮ್ಯಾಟ್ರಿಕ್ಸ್ ಕಡೆಗೆ. ಇಷ್ಟು ಗಹನವಾದ ಸಂಗತಿ ಕೊನೆಗೆ ಒಂದು ವ್ಯವಕಲನಕ್ಕೆ ಇಳಿಯುವುದು ಗಣಿತದ ಸೊಗಸುಗಳಲ್ಲೊಂದು.

ಆರು ಚರಾಕ್ಷರ, ಮೂರನೆಯ ಘಾತ ಇದ್ದಾಗ ಆರರಲ್ಲಿ ಮೂರು ಕಳೆದು ಮೂರು ಬಿಡಿ ತುಂಡು, ಉಳಿದದ್ದು ಮ್ಯಾಟ್ರಿಕ್ಸ್‌ಗಳ ತುಂಡು. ಇದರ ಹಿಂದೆ ಒಂದು ಹಳೆಯ ಪ್ರಶ್ನೆಯಿದೆ. ವೃತ್ತದ ಮೇಲಿನ ಬಿಂದುಗಳನ್ನು ಒಂದೇ ಸಂಖ್ಯೆ ತ ಬಳಸಿ ಬರೆಯಬಹುದು: (1 − ತ²)/(1 + ತ²) ಮತ್ತು 2ತ/(1 + ತ²). ತ ಎಂಬುದಕ್ಕೆ 1/2 ಹಾಕಿದರೆ 3/5, 4/5 ಬಂದು ಪೈಥಾಗೊರಸನ 3, 4, 5 ಎದ್ದು ನಿಲ್ಲುತ್ತದೆ. ಆರು ಚರಾಕ್ಷರಗಳ ಈ ಘನಾಕೃತಿ ನಾಲ್ಕು ಆಯಾಮದ್ದು. ಅದರ ಬಿಂದುಗಳನ್ನೂ ಹಾಗೆ ನಾಲ್ಕು ಸಂಖ್ಯೆಗಳ ಸೂತ್ರದಿಂದ, ಒಂದಕ್ಕೊಂದರಂತೆ, ಬರೆಯಬಹುದೇ? ಉಳಿದ ಆ ಮ್ಯಾಟ್ರಿಕ್ಸ್ ತುಂಡು ಕೆ-3 ಎಂಬ ಬಗೆಯ ನಿಜವಾದ ಮೇಲ್ಮೈಯೊಂದರಿಂದ ಬಂದದ್ದಾದರೆ ಬರೆಯಬಹುದು, ಇಲ್ಲವಾದರೆ ಇಲ್ಲ ಎಂದು ಅಲೆಕ್ಸಾಂಡರ್ ಕುಜ್ನೆತ್ಸೋವ್ 2010ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಊಹಿಸಿದರು. 2025ರಲ್ಲಿ ಕಟ್ಜಾರ್ಕೋವ್, ಕೊಂಟ್ಸೆವಿಚ್, ಪಾಂಟೆವ್, ಯು ಎಂಬ ನಾಲ್ವರು ಇಂಥ ಘನಾಕೃತಿ ಸಾಮಾನ್ಯವಾಗಿ ಆ ಸೂತ್ರಕ್ಕೆ ಸಿಗುವುದಿಲ್ಲ ಎಂಬ ಸಾಧನೆಯನ್ನು ಮುಂದಿಟ್ಟಿದ್ದಾರೆ. ಅವರ ದಾರಿ ಬೇರೆ, ಆದರೆ ಅಲ್ಲಿಯೂ ಉಪಾಯ ಒಡೆಯುವುದೇ. ತುಂಡುಗಳನ್ನು ಅವರು ಕರೆದದ್ದು ‘ಆಟಮ್’ ಎಂದು.

ಈ ಒಡೆಯುವ ಕೆಲಸಕ್ಕೆ ಬೆಂಗಳೂರಿನ ನಂಟೂ ಇದೆ. ಸಿ.ಎಸ್. ಶೇಷಾದ್ರಿ ಅವರೊಡನೆ 1965ರ ಪ್ರಮೇಯದಿಂದ ಜಗತ್ತಿಗೆ ಪರಿಚಿತರಾದ ಎಂ.ಎಸ್. ನರಸಿಂಹನ್ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು. 2017ರಲ್ಲಿ ಅವರ ವಯಸ್ಸು 85ರ ಹತ್ತಿರ. ಆ ವರ್ಷ ಪ್ರಕಟವಾದ ಪ್ರಬಂಧದಲ್ಲಿ ಒಂದು ವಕ್ರರೇಖೆಯ ಕೆಟಗರಿ, ಅದರಿಂದ ಹುಟ್ಟುವ ದೊಡ್ಡ ಆಕೃತಿಯೊಂದರ ಕೆಟಗರಿಯೊಳಗೆ ಒಂದು ತುಂಡಾಗಿ ಕುಳಿತಿದೆ ಎಂದು ತೋರಿಸಿದರು. ಉಳಿದ ತುಂಡುಗಳು ಹೇಗಿರಬೇಕೆಂಬ ಊಹೆಯೂ ಅವರ ಮತ್ತು ಇತರ ಮೂವರ ಹೆಸರಿನ ಮೊದಲಕ್ಷರಗಳನ್ನು ಹೊತ್ತಿದೆ. 2021ರ ಮೇನಲ್ಲಿ ಅವರು ತೀರಿಕೊಂಡರು.

ಇನ್ನೊಬ್ಬರ ಸಂಗತಿಯನ್ನು ಹೇಳದೆ ಇದನ್ನು ಮುಗಿಸುವಂತಿಲ್ಲ. 1987ರ ಪ್ರಬಂಧದ ಮೂವರಲ್ಲಿ ಒಬ್ಬರಾದ ರಾಗ್ನರ್ ಬುಖ್‌ವೈಟ್ಸ್ ಅದಕ್ಕೂ ಹಿಂದೆ, 1986ರಲ್ಲಿ, ಒಂದು ದೀರ್ಘ ಹಸ್ತಪ್ರತಿ ಬರೆದಿದ್ದರು. ಓರ್ಲೋವ್ ಮುಂದೆ ಸ್ವತಂತ್ರವಾಗಿ ಕಂಡುಕೊಂಡ ಕೆಟಗರಿ ಅದರಲ್ಲಿ ಆಗಲೇ ಇತ್ತು. ಅದು ಅವರ ಜೀವಮಾನದಲ್ಲಿ ಅಚ್ಚಾಗಲೇ ಇಲ್ಲ. ಪ್ರತಿಯ ಪ್ರತಿ ಕೈಯಿಂದ ಕೈಗೆ ಹೋಗಿ, ಓದಬೇಕಾದವರು ಓದಿ, ತಮ್ಮ ಪ್ರಬಂಧಗಳಲ್ಲಿ ‘ಅಪ್ರಕಟಿತ’ ಎಂದು ಉಲ್ಲೇಖಿಸುತ್ತಲೇ ಬಂದರು. ಮೂರು ದಶಕ ಹೀಗೇ ಕಳೆಯಿತು. ಟೊರಾಂಟೋದಲ್ಲಿ ಪ್ರಾಧ್ಯಾಪಕರಾಗಿದ್ದ ಬುಖ್‌ವೈಟ್ಸ್ 2017ರಲ್ಲಿ ನಿಧನರಾದರು. ಅಮೆರಿಕನ್ ಮ್ಯಾಥಮ್ಯಾಟಿಕಲ್ ಸೊಸೈಟಿ ಅದನ್ನು ಪುಸ್ತಕವಾಗಿ ಹೊರತಂದದ್ದು 2021ರಲ್ಲಿ.

ಮನೆಯಲ್ಲಿ ಅಣ್ಣ ಈಗ ಕಾಗದ ಎಳೆದುಕೊಂಡಿದ್ದಾನೆ. ಯ² + ಕ² + ನ² ಎಂಬುದನ್ನು ವಾಸ್ತವ ಸಂಖ್ಯೆಗಳಲ್ಲೇ ಒಡೆಯಬೇಕು, ಮನೆಗಳಲ್ಲಿ ಮೊದಲನೆಯ ಘಾತ ಮಾತ್ರ ಇರಬೇಕು ಎಂದು ತಂಗಿಯ ಪಂಥ. ಮೂರು ಅಕ್ಷರಕ್ಕೆ ಮೂರು ಸಾಲು ಸಾಕೆಂದು ಅವನು ಹೊರಟ. ಆಗುವುದಿಲ್ಲ. ಮೂರು ಸಾಲಿನ ನಿರ್ಧಾರಕ ಮೂರನೆಯ ಘಾತದ್ದು. ಆದರೆ ಎರಡೂ ನಿರ್ಧಾರಕಗಳ ಗುಣಲಬ್ಧ (ಯ² + ಕ² + ನ²)³ ಆಗಬೇಕು. ಒಡೆಯದ ಬಹುಪದೋಕ್ತಿಯಾದ್ದರಿಂದ ಪ್ರತಿ ನಿರ್ಧಾರಕವೂ ಅದರ ಘಾತವೇ ಆಗಿರಬೇಕು, ಅಂದರೆ 2, 4, 6. ಅಲ್ಲಿ 3ಕ್ಕೆ ಜಾಗವಿಲ್ಲ. ಎರಡು ಸಾಲನ್ನೂ ಪ್ರಯತ್ನಿಸಿ ಸೋತ ಮೇಲೆ ಅವನು ನಾಲ್ಕಕ್ಕೆ ಬಂದ. ಬರೆದ ಮೊದಲ ಮೂರು ಸಾಲುಗಳು ಹೀಗಿವೆ:

ಯ, −ಕ, −ನ, 0
ಕ, ಯ, 0, ನ
ನ, 0, ಯ, −ಕ

ನಾಲ್ಕನೆಯ ಸಾಲನ್ನು ತಂಗಿ ತುಂಬಬೇಕು. ಓದುಗರೂ ತುಂಬಬಹುದು. ಯಾವ ಎರಡು ಸಾಲುಗಳನ್ನು ಮನೆಗೆ ಮನೆ ಗುಣಿಸಿ ಕೂಡಿದರೂ ಸೊನ್ನೆ ಬರಬೇಕು, ಯಾವುದೇ ಸಾಲನ್ನು ಅದರಿಂದಲೇ ಹಾಗೆ ಗುಣಿಸಿ ಕೂಡಿದರೆ ಮೂರು ವರ್ಗಗಳ ಮೊತ್ತ ಬರಬೇಕು. ಅಷ್ಟಾದರೆ, ಅಡ್ಡಸಾಲುಗಳನ್ನು ಕಂಬಸಾಲುಗಳಾಗಿ ತಿರುಗಿಸಿದ್ದೇ ಅದರ ಜೋಡಿ ಮ್ಯಾಟ್ರಿಕ್ಸ್.